ಶ್ರುತಿನಿರ್ದೇಶವೂ ನವೀನ ಸಂಗೀತ ತಂತ್ರಾಂಶಗಳೂ

ವಿದ್ಯುದ್ವಾದ್ಯಗಳು ಪರಸ್ಪರ ಸ್ವರಸಂದೇಶಗಳನ್ನು ಕಳುಹಿಸುವುದಕ್ಕಾಗಿ 1983ರಲ್ಲಿ ಏರ್ಪಟ್ಟ ಸಂಕೇತಪದ್ಧತಿಗೆ ‘ಮಿಡಿ’ ಎಂದು ಹೆಸರು. ಇದು 128 ಸ್ವರಗಳನ್ನು ಸಂಖ್ಯೆಗಳಿಂದ ಗುರುತಿಸುತ್ತದೆ. ಆ ಸಂಖ್ಯೆಗಳಿಗೆ ಬೇಕಾದ ಶ್ರುತಿಯನ್ನು ವಿಧಿಸುವುದಕ್ಕಾಗಿ 1992ರಲ್ಲಿ ಬೇರೊಂದು ಪ್ರಕರಣವು ಸೇರಿತು. ಅರ್ಧಸ್ವರವನ್ನು 16,384 ಭಾಗಮಾಡಿ ಪ್ರತಿಯೊಂದು ಸ್ವರದ ಸ್ಥಾನವನ್ನೂ ಹೇಳಲು ಇದರಲ್ಲಿ ಅವಕಾಶವುಂಟು. ಕೆಲವು ತಂತ್ರಾಂಶಗಳು ಇದನ್ನು ಆದರಿಸಿದ್ದರೂ ಅನೇಕವು ಉಪೇಕ್ಷಿಸಿ, ಸ್ಥಾಯಿಯನ್ನು 12 ಸಮಭಾಗ ಮಾಡುವುದನ್ನೇ ಸ್ವಭಾವಸಿದ್ಧವೆಂದು ಗ್ರಹಿಸಿವೆ.

ಇದರ ಫಲವು ಅಲ್ಪವಲ್ಲ. ಷಡ್ಜಕ್ಕೆ 5:4 ಪ್ರಮಾಣದಲ್ಲಿರುವ ಗಾಂಧಾರಕ್ಕಿಂತ ಸಮಭಾಗದ ಗಾಂಧಾರವು ಅರ್ಧಸ್ವರದ ಸುಮಾರು ಏಳರಲ್ಲೊಂದು ಪಾಲು ಏರಿರುತ್ತದೆ. ತಂಬೂರಿಯ ನಾದದಲ್ಲಿ ಪಳಗಿದ ಕಿವಿಗೆ ಈ ಅಂತರವು ಒಡನೆಯೇ ತಿಳಿಯುವುದು. ಸ್ಥಾಯಿಯಲ್ಲಿ 22 ಶ್ರುತಿಗಳನ್ನೆಣಿಸಿದ ಭರತಮುನಿಯ ಶಾಸ್ತ್ರವು ಸ್ವರಾಂತರಗಳೆಲ್ಲ ಸಮವೆಂದು ಒಪ್ಪುವುದಿಲ್ಲ.

ಸ್ವರವನ್ನು ಬಾಗಿಸುವ ಸಂದೇಶವಿರುವಾಗ ಬೇರೆ ನಿರ್ದೇಶವೇಕೆಂದು ಆಕ್ಷೇಪಿಸಬಹುದು. ಆ ಸಂದೇಶವು ಒಂದು ಚಾನಲಿನ ಸ್ವರಗಳನ್ನೆಲ್ಲ ಒಟ್ಟಿಗೆ ಬಾಗಿಸುತ್ತದೆ. ಗಮಕಕ್ಕೆ ಅದು ಉಪಕಾರಿಯಾಗಬಹುದು; ಗಮಕಕ್ಕೆ ಆಶ್ರಯವಾದ ಸ್ವರಸ್ಥಾನವನ್ನು ಅದು ವಿಧಿಸಲಾರದು.

2020ರ ಎರಡನೆಯ ಮಿಡಿಯಲ್ಲಿ ಒಂದೊಂದು ಸ್ವರಕ್ಕೂ ಶ್ರುತಿಯನ್ನು ಹೇಳುವ ಏರ್ಪಾಡಿದೆ. ಆದರೆ ಇದರಿಂದ ಹಿಂದಿನ ಕಡತಗಳಿಗೆ ಪರಿಹಾರವಿಲ್ಲ. ಅವುಗಳೊಳಗಿನ ಶ್ರುತಿನಿರ್ದೇಶವನ್ನು ತಿಳಿಯದ ತಂತ್ರಾಂಶವು ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದುದನ್ನು ನುಡಿಸುತ್ತದೆ. ಅರ್ಥವಾಗದ ಅಕ್ಷರವನ್ನು ಬಿಟ್ಟು ಬರೆದ ಲಿಪಿಕಾರನು ಅಲ್ಲಿ ಲೋಪಚಿಹ್ನೆಯನ್ನಾದರೂ ಇಟ್ಟಿದ್ದರೆ ಮುಂದಿನವರು ಪಾಠವನ್ನು ಶೋಧಿಸಬಹುದು. ತಂತ್ರಾಂಶಕಾರರು ಹಳೆಯ ನಿರ್ದೇಶವನ್ನು ಪಾಲಿಸಬೇಕು. ಪಾಲಿಸಲಾರದಿದ್ದರೆ ಲೋಪವನ್ನಾದರೂ ತಿಳಿಸಬೇಕು.