ಊದಿದ ಕಣ್ಣು, ಕಳೆದುಹೋಗುವ ವಾರ

ಏಳೆಂಟು ವರ್ಷದ ಮಗು. ಒಂದು ಕಣ್ಣಿನ ಮೇಲ್ರೆಪ್ಪೆ ಊದುತ್ತದೆ. ವಾರ ಕಳೆಯುವಷ್ಟರಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಬಂದು, ಕೊಂಚ ಕೆಳಕ್ಕೂ ಸರಿದಿರುತ್ತದೆ. ಮನೆಯವರಿಗೆ ಆಟವಾಡುವಾಗ ಚೆಂಡು ಬಡಿದದ್ದು ನೆನಪಾಗುತ್ತದೆ, ವೈದ್ಯರಿಗೆ ಸೋಂಕು ನೆನಪಾಗುತ್ತದೆ. ಆಂಟಿಬಯಾಟಿಕ್ ಬರೆದು, ಮುಂದಿನ ವಾರ ಬನ್ನಿ ಎಂದು ಕಳಿಸುತ್ತಾರೆ. ಮಕ್ಕಳ ಕಣ್ಣುಕುಳಿಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ರಾಬ್ಡೊಮಯೊಸಾರ್ಕೋಮಾ. ಅದು ಕಾಣಿಸಿಕೊಳ್ಳುವುದು ಹೀಗೆಯೇ, ಮತ್ತು ಕೈತಪ್ಪುವುದೂ ಇಲ್ಲಿಯೇ.

ಸ್ನಾಯುವಾಗಬೇಕಿದ್ದ ಎಳೆಯ ಜೀವಕೋಶಗಳಿಂದ ಬೆಳೆಯುವ ಗೆಡ್ಡೆ ಇದು. ಒಂದು ಕಾಲದಲ್ಲಿ ಇದಕ್ಕಿದ್ದ ಚಿಕಿತ್ಸೆ ಕಣ್ಣುಗುಡ್ಡೆ, ಸ್ನಾಯು, ಕೊಬ್ಬು ಎಲ್ಲವನ್ನೂ ಕುಳಿಯಿಂದ ಬರಿದು ಮಾಡುವ ಶಸ್ತ್ರಕ್ರಿಯೆ. ಅಷ್ಟು ಕಳೆದುಕೊಂಡರೂ ಬಹುಪಾಲು ಮಕ್ಕಳು ಬದುಕುತ್ತಿರಲಿಲ್ಲ. 1972ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಆರಂಭಿಸಿದ ಸರಣಿ ಅಧ್ಯಯನಗಳು ಕೀಮೋ ಮತ್ತು ರೇಡಿಯೇಷನ್ನಿನ ಜೋಡಿಯನ್ನು ಗಟ್ಟಿಗೊಳಿಸಿದವು. ಗೆಡ್ಡೆ ಕಣ್ಣುಕುಳಿಯಲ್ಲೇ ಉಳಿದಿದ್ದರೆ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ, ಅದೂ ಹೆಚ್ಚಿನವರು ಕಣ್ಣನ್ನು ಉಳಿಸಿಕೊಂಡು. ಈ ಜಾಗದಲ್ಲಿ ದುಗ್ಧರಸ ನಾಳಗಳು ಬಹಳ ಕಡಿಮೆ, ಹಾಗಾಗಿ ಗೆಡ್ಡೆ ಬೇಗ ಹರಡುವುದಿಲ್ಲ. ಇಕ್ಕಟ್ಟಿನ ಕುಳಿಯಾದ್ದರಿಂದ ಬೇಗ ಕಣ್ಣಿಗೂ ಬೀಳುತ್ತದೆ. ಇಷ್ಟೆಲ್ಲ ಅನುಕೂಲವಿರುವ ಕಾಯಿಲೆಯಲ್ಲಿ ವಾರಗಳು ಸುಮ್ಮನೆ ಸೋರಿಹೋಗುವುದು ನನಗೆ ಸಹಿಸಲಾಗದ ಸಂಗತಿ.

ತಪ್ಪು ಆಂಟಿಬಯಾಟಿಕ್ಕಿನದಲ್ಲ. ಕಣ್ಣುಕುಳಿಯ ಸೋಂಕು ತಾನೇ ಪ್ರಾಣಕ್ಕೆ ಎರವಾಗಬಲ್ಲದು, ಔಷಧ ತಕ್ಷಣ ಬೇಕು. ಆದರೆ ಔಷಧಕ್ಕೆ ಊತ ಇಳಿಯುತ್ತದೋ ಇಲ್ಲವೋ ನೋಡೋಣ ಎಂದು ಕಾಯುವುದನ್ನೇ ಪರೀಕ್ಷೆ ಮಾಡಿಕೊಳ್ಳುವ ರೂಢಿ ಕೆಟ್ಟದ್ದು. ಸೋಂಕಾದರೆ ಸಾಮಾನ್ಯವಾಗಿ ಜ್ವರವಿರುತ್ತದೆ, ಮುಟ್ಟಿದರೆ ನೋವು, ಸ್ಕ್ಯಾನಿನಲ್ಲಿ ಪಕ್ಕದ ಸೈನಸ್ ತುಂಬಿಕೊಂಡಿರುತ್ತದೆ. ಜ್ವರವಿಲ್ಲದ ಮಗುವಿನ ಕಣ್ಣು ದಿನದಿಂದ ದಿನಕ್ಕೆ ಮುಂದೆ ಬರುತ್ತಿದ್ದರೆ ಸ್ಕ್ಯಾನ್ ಅಂದೇ ಆಗಬೇಕು. ಸಿ.ಟಿ. ಯಂತ್ರ ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಬೇಕಿರುವುದು ಅನುಮಾನಪಡುವ ಮನಸ್ಸು. ಇನ್ನೂ ಅಪಾಯದ್ದು ಸ್ಟೀರಾಯ್ಡ್. ಉರಿಯೂತವಿರಬಹುದೆಂದು ಕೊಟ್ಟಾಗ ಊತ ತುಸು ತಗ್ಗಿ ಎಲ್ಲರಿಗೂ ಸಮಾಧಾನವಾಗುತ್ತದೆ, ಒಳಗೆ ಗೆಡ್ಡೆ ಹಾಗೆಯೇ ಇರುತ್ತದೆ. ಅದು ಲಿಂಫೋಮಾ ಅಥವಾ ರಕ್ತದ ಕ್ಯಾನ್ಸರ್ ಆಗಿದ್ದರಂತೂ ಬಯಾಪ್ಸಿಯ ಚೂರಿನಲ್ಲೂ ಗುರುತು ಮಸುಕಾಗುತ್ತದೆ. ಲ್ಯುಕೇಮಿಯಾ ಕೂಡ ಕಣ್ಣನ್ನು ಹೀಗೆ ಮುಂದೆ ತಳ್ಳಬಲ್ಲದು. ಅದರ ಸುಳಿವು ಎಷ್ಟೋ ಸಲ ಒಂದು ಸಾದಾ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ.

ಬಯಾಪ್ಸಿಗೆ ಬಂದಾಗ ಅಡ್ಡ ನಿಲ್ಲುವುದು ಭಯ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಆ ಭಯವನ್ನು ಗದರಿ ಓಡಿಸಲಾಗದು, ಕೂತು ಮಾತಾಡಬೇಕು: ಚೂರು ತೆಗೆಯದೆ ಕಾಯಿಲೆಗೆ ಹೆಸರಿಲ್ಲ, ಹೆಸರಿಲ್ಲದೆ ಕೀಮೋ ಇಲ್ಲ.

ಪ್ರಯೋಗಾಲಯದ ಕೆಲಸವನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಸೂಕ್ಷ್ಮದರ್ಶಕದಲ್ಲಿ ರಾಬ್ಡೊಮಯೊಸಾರ್ಕೋಮಾವೂ, ಲಿಂಫೋಮಾವೂ, ಯೂಯಿಂಗ್ ಸಾರ್ಕೋಮಾವೂ ಸಣ್ಣ ದುಂಡು ನೀಲಿ ಕೋಶಗಳ ಗುಂಪಾಗಿಯೇ ಕಾಣುತ್ತವೆ. ಡೆಸ್ಮಿನ್, ಮಯೊಜೆನಿನ್ ಎಂಬ ಪ್ರೋಟೀನ್‌ಗಳನ್ನು ಹುಡುಕುವ ಬಣ್ಣಗಳು ಸ್ನಾಯುವಿನ ಮೂಲವನ್ನು ತೋರಿಸಿಕೊಡುತ್ತವೆ. ಫಾಕ್ಸ್‌ಒ1 ಜೀನ್ ಇನ್ನೊಂದಕ್ಕೆ ಬೆಸೆದುಕೊಂಡಿದ್ದರೆ ರೋಗ ಉಗ್ರ, ಚಿಕಿತ್ಸೆಯೂ ಬಿರುಸು. ದೊಡ್ಡವರ ಕಣ್ಣುಕುಳಿಯ ನಾರುಗೆಡ್ಡೆಗಳಲ್ಲೂ ಇಂಥದೇ ಬೆಳಕು ಬಿದ್ದಿದೆ. ಹಿಂದೆ ಹಿಮಾಂಜಿಯೊಪೆರಿಸೈಟೋಮಾ ಎಂದೂ ಬೇರೆ ಹೆಸರುಗಳಿಂದಲೂ ಕರೆದಿದ್ದ ಹಲವು ಗೆಡ್ಡೆಗಳು ಮೂಲದಲ್ಲಿ ಒಂದೇ ಎಂಬುದು 2013ರಲ್ಲಿ ಸ್ಟ್ಯಾಟ್6 ಜೀನಿನ ಬೆಸುಗೆ ಪತ್ತೆಯಾದ ಮೇಲೆ ಸ್ಪಷ್ಟವಾಯಿತು.

ಆದರೆ ಈ ಜಾಣ್ಮೆಗೆಲ್ಲ ಆಧಾರ ಶಸ್ತ್ರವೈದ್ಯರು ಕಳಿಸುವ ಚೂರು. ಸೂಜಿಯಲ್ಲಿ ಎಳೆದ ನಾಲ್ಕು ಕೋಶಗಳು ಇಷ್ಟು ಪರೀಕ್ಷೆಗಳಿಗೆ ಸಾಲುವುದಿಲ್ಲ, ಚಿಮಟದಲ್ಲಿ ಜಜ್ಜಿಹೋದ ಮಾಂಸ ಯಾವ ಬಣ್ಣಕ್ಕೂ ಉತ್ತರ ಕೊಡುವುದಿಲ್ಲ. ಜೊತೆಗಿರುವ ಚೀಟಿಯಲ್ಲಿ ‘ಕಣ್ಣುಕುಳಿಯ ಗೆಡ್ಡೆ’ ಎಂದಷ್ಟೇ ಗೀಚಿರುತ್ತದೆ. ಮಗುವಿನ ವಯಸ್ಸು, ಊತ ಎಷ್ಟು ದಿನದ್ದು, ಸ್ಟೀರಾಯ್ಡ್ ಕೊಟ್ಟಿದೆಯೇ, ಸ್ಕ್ಯಾನಿನಲ್ಲಿ ಕಂಡದ್ದೇನು ಎಂಬ ಮೂರು ಸಾಲು ಸೇರಿಸಲು ಎರಡು ನಿಮಿಷ ಸಾಕು. ಪೆಥಾಲಜಿಸ್ಟ್ ಯಾವ ಬಣ್ಣವನ್ನು ಮೊದಲು ಹಾಕಬೇಕೆಂದು ನಿರ್ಧರಿಸುವುದು ಆ ಮೂರು ಸಾಲು ನೋಡಿಯೇ.