ಸತ್ತು ಹುಟ್ಟಿದ ಮಗು ಮತ್ತು ನಾವು ಕೇಳದ ಪ್ರಶ್ನೆ

ಪೋಸ್ಟ್ ಮಾರ್ಟಂ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮವರ ಕಣ್ಣ ಮುಂದೆ ಪೊಲೀಸರು, ಶವಾಗಾರ, ಕತ್ತರಿಸಿ ಹೊಲಿದ ದೇಹ ಬಂದು ನಿಲ್ಲುತ್ತವೆ. ಸತ್ತು ಹುಟ್ಟಿದ ಕೂಸಿನ ವಿಷಯದಲ್ಲಿ ವೈದ್ಯರು ಆ ಮಾತೆತ್ತಿದರಂತೂ ವಾರ್ಡಿನ ಹೊರಗೆ ಕಾಯುತ್ತಿರುವ ಗಂಡಸರು ಕೆರಳುತ್ತಾರೆ. ಎಷ್ಟೋ ವೈದ್ಯರು ಆ ಮಾತನ್ನು ಎತ್ತುವುದೇ ಇಲ್ಲ ಎಂಬುದು ಬೇರೆ ಮಾತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ, ನಾವು ಕಬರಸ್ತಾನಕ್ಕೆ ಒಯ್ಯುತ್ತೇವೆ. ಅನೇಕ ಸಲ ತಾಯಿ ಅದರ ಮುಖವನ್ನೂ ನೋಡಿರುವುದಿಲ್ಲ.

'ಅಲ್ಲಾಹನ ಮರ್ಜಿ' ಎನ್ನುತ್ತಾರೆ ಹಿರಿಯರು. ನಮಗೂ ಆ ನಂಬಿಕೆಯಿದೆ. ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ, ಸೊಸೆ ಗ್ರಹಣದ ಹೊತ್ತು ಹೊರಗೆ ಬಂದಿದ್ದಳು, ಭಾರ ಎತ್ತಿದ್ದಳು, ಅವಳ ಕಾಲ್ಗುಣವೇ ಸರಿಯಿಲ್ಲ ಎಂದು ಅದೇ ಬಾಯಿಗಳು ಆಡತೊಡಗುತ್ತವಲ್ಲ, ಆಗ ಮರ್ಜಿ ಎಲ್ಲಿ ಹೋಯಿತು? ಕಾರಣ ನಮಗೆ ಬೇಕು. ವೈದ್ಯರಿಂದ ಬೇಡ, ಅಷ್ಟೆ.

ವಿಶ್ವಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 28 ವಾರ ತುಂಬಿದ ಮೇಲೆ ಸತ್ತು ಹುಟ್ಟಿದ ಮಕ್ಕಳು ಸುಮಾರು 19 ಲಕ್ಷ. ಅವುಗಳಲ್ಲಿ ಸುಮಾರು 3.4 ಲಕ್ಷ ನಮ್ಮ ದೇಶದವು. ಬೇರಾವ ದೇಶದಲ್ಲೂ ಇಷ್ಟಿರಲಿಲ್ಲ. ತಾಯಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಿಫಿಲಿಸ್‌ನಂಥ ಸೋಂಕು, ಮಾಸು ಮೊದಲೇ ಕಳಚಿಕೊಳ್ಳುವುದು, ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಎಷ್ಟೋ ಮೊದಲೇ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ ಎಚ್ಚರ ವಹಿಸಬಹುದು, ಔಷಧಿ ಕೊಡಬಹುದು.

ದೂರದ ಮಾತೇಕೆ, ನಮ್ಮ ದಾವಣಗೆರೆಯನ್ನೇ ನೋಡಿ. 2018ರಿಂದ ಅಲ್ಲಿ ಮತ್ತು ಕರಾಚಿಯಲ್ಲಿ ಒಂದೇ ಬಗೆಯ ಅಧ್ಯಯನ ನಡೆಯಿತು. ತಂದೆತಾಯಿಯ ಒಪ್ಪಿಗೆ ಪಡೆದು, ಮಗುವಿನ ದೇಹವನ್ನು ಸೀಳದೆ, ಸೂಜಿಯಿಂದ ಶ್ವಾಸಕೋಶ, ಯಕೃತ್ತು, ಮೆದುಳಿನ ಚೂರುಗಳನ್ನಷ್ಟೇ ತೆಗೆದು ಪರೀಕ್ಷಿಸಿದರು, ಮಾಸನ್ನೂ ನೋಡಿದರು. ಗರ್ಭದಲ್ಲೇ ಆಮ್ಲಜನಕ ಸಿಗದೆ ಹೋದದ್ದು ಎರಡೂ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡಿತು. ಗ್ರಹಣವಲ್ಲ, ಕಾಲ್ಗುಣವಲ್ಲ. ಕರಾಚಿಯ ಮುಸ್ಲಿಮ್ ತಂದೆತಾಯಂದಿರು ಒಪ್ಪಿದ್ದನ್ನು ನಮ್ಮ ಮೊಹಲ್ಲಾಗಳಲ್ಲಿ ಚರ್ಚಿಸುವುದಕ್ಕೂ ಹಿಂಜರಿಕೆಯೇಕೆ?

ಶರೀಅತ್ ಅಡ್ಡ ಬರುತ್ತದೆ ಎನ್ನುವವರಿದ್ದಾರೆ. ಮಯ್ಯಿತ್‌ಗೆ ಗೌರವ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಬಿತದ ಫಿಕ್ಹ್ ಮಂಡಳಿ 1987ರಲ್ಲಿ ಮಕ್ಕಾದಲ್ಲಿ ಸೇರಿದಾಗ, ರೋಗದ ಕಾರಣ ತಿಳಿದು ಬದುಕಿರುವವರನ್ನು ಕಾಪಾಡುವುದಕ್ಕಾಗಿ ಶವಪರೀಕ್ಷೆ ಆಗಬಹುದು, ಅಗತ್ಯಕ್ಕಿಂತ ಹೆಚ್ಚು ಕೊಯ್ಯಬಾರದು ಎಂದಿತು. ಈ ನಿರ್ಣಯ ನಮ್ಮ ಜುಮಾ ಖುತ್ಬಾಗಳವರೆಗೆ ಬಂದಿಲ್ಲ. ತಲಾಖ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಉಲಮಾಗಳು ಹೆರಿಗೆ ಕೋಣೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಆಸ್ಪತ್ರೆಗಳೂ ನಿರಪರಾಧಿಗಳಲ್ಲ. ಎಳೆಯ ಮಗುವಿನ ದೇಹ ಪರೀಕ್ಷಿಸಲು ನುರಿತ ವೈದ್ಯರು ಬೇಕು. ಜಿಲ್ಲೆಗಳಲ್ಲಿ ಅವರು ವಿರಳ. ವರದಿ ಬಂದರೂ ತಾಯಿಯನ್ನು ಕೂರಿಸಿ ಅವಳ ಭಾಷೆಯಲ್ಲಿ ಬಿಡಿಸಿ ಹೇಳುವವರು ಯಾರು? ಒಪ್ಪಿಗೆಯ ಕಾಗದವನ್ನೂ ಗಂಡನ ಕೈಗೇ ಕೊಡುತ್ತಾರೆ. ಹೆತ್ತವಳನ್ನು ಕೇಳುವುದಿಲ್ಲ.

ದೇಹವನ್ನು ಮುಟ್ಟಬೇಡಿ ಎನ್ನುವ ಕುಟುಂಬ ಮಾಸನ್ನಾದರೂ ಪರೀಕ್ಷೆಗೆ ಕೊಡಬಹುದಲ್ಲ? 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 512 ಪ್ರಕರಣಗಳನ್ನು ನೋಡಿದಾಗ, ಶವಪರೀಕ್ಷೆ ನೆರವಾದದ್ದು ಶೇ. 42ರಷ್ಟರಲ್ಲಿ, ಮಾಸಿನ ಪರೀಕ್ಷೆ ಶೇ. 65ರಷ್ಟರಲ್ಲಿ. ಮಾಸನ್ನು ಇಂದಿಗೂ ನಾವು ಮೊದಲು ಹೂಳುತ್ತೇವೆ, ಇಲ್ಲವೇ ಆಸ್ಪತ್ರೆಯವರು ಕಸದ ಬಕೆಟ್ಟಿಗೆ ಹಾಕುತ್ತಾರೆ.