ನಡುವಿನ ಸೆರೆ

ಉಡುಪಿನ ಲೋಕದಲ್ಲಿ ಚೆಲುವಿನ ಆದರ್ಶವು ಬದಲಾಗುತ್ತಿರುವುದೆಂಬುದು ಹಳೆಯ ಮಾತು. ಬಿಟ್ಟುಹೋದುದು ತಿರುಗಿ ಬರುವುದೂ ಉಂಟೆಂಬುದನ್ನು ಪ್ಯಾರಿಸ್ ನಗರದ ಚರಿತ್ರೆಯಲ್ಲಿ ಕಾಣಬಹುದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಾಲ್ ಪ್ವಾರೆ ಎಂಬ ಉಡುಪುಗಾರನು ಹೆಂಗಸರ ನಡುವನ್ನು ಬಿಗಿಯುತ್ತಿದ್ದ ಕಾರ್ಸೆಟ್ಟನ್ನು ತೊರೆದನು. ಆದರೆ ೧೯೧೦ರ ಸುಮಾರಿಗೆ ಆತನೇ ರೂಢಿಗೆ ತಂದ ಲಂಗವು ಕಣಕಾಲಿನ ಬಳಿ ಎಷ್ಟು ಕಿರಿದಾಗಿತ್ತೆಂದರೆ, ಉಟ್ಟವಳು ಹೆಜ್ಜೆಯನ್ನು ಅಳೆದಳೆದು ಇಡಬೇಕಾಗಿತ್ತು. ನಡುವಿನ ಸೆರೆ ಕಾಲಿಗಿಳಿಯಿತು, ಅಷ್ಟೆ!

೧೯೪೭ರ ಫೆಬ್ರವರಿ ೧೨ರಂದು ಕ್ರಿಶ್ಚಿಯನ್ ದಿಯೋರನು ತನ್ನ ಮೊದಲ ಉಡುಪುಗಳನ್ನು ಪ್ರದರ್ಶಿಸಿದಾಗ ಬಿಗಿದ ನಡು ಮರಳಿತು. ಅವುಗಳಲ್ಲೊಂದು ಬಗೆಗೆ ಅವನಿಟ್ಟ ಹೆಸರು ‘ಕೊರೋಲ್’, ಎಂದರೆ ಹೂವಿನ ದಳವಲಯ. ಹೆಸರೇನೋ ಸೊಗಸು, ಹೊಲಿಗೆಯ ಜಾಣ್ಮೆಯೂ ಅಲ್ಲಗಳೆಯತಕ್ಕದ್ದಲ್ಲ. ಯುದ್ಧಕಾಲದ ಬಟ್ಟೆಯ ಬರದಿಂದ ಬೇಸತ್ತ ಕಣ್ಣಿಗೆ ಆ ಗಜಗಟ್ಟಲೆ ಅರಿವೆಯ ಲಂಗವು ಹಬ್ಬವಾಗಿ ಕಂಡುದು ಸಹಜವೇ. (ಇಂಗ್ಲೆಂಡಿನಲ್ಲಿ ಬಟ್ಟೆಯ ಪಡಿತರ ೧೯೪೯ರವರೆಗೂ ಉಳಿದಿತ್ತು.) ಆದರೆ ಹೂವು ತನ್ನಷ್ಟಕ್ಕೆ ತಾನೇ ಅರಳುವುದು, ಇಲ್ಲಿ ಅರಳಬೇಕಾದವಳು ಉಸಿರು ಬಿಗಿಹಿಡಿದು ನಿಲ್ಲಬೇಕು. ಉಪಮೆ ಸೋತುದು ಇಲ್ಲಿಯೇ.

೧೯೫೪ರಲ್ಲಿ, ಎಪ್ಪತ್ತು ವರುಷದ ಗಾಬ್ರಿಯೆಲ್ ಶನೆಲ್ ಮತ್ತೆ ತನ್ನ ಹೊಲಿಗೆಮನೆಯನ್ನು ತೆರೆದು ಸರಾಗವಾದ ಉಡುಪನ್ನು ಮುಂದಿಟ್ಟಳು. ಪ್ಯಾರಿಸಿನ ಪತ್ರಿಕೆಗಳು ಹಳತೆಂದು ಹಳಿದುವು. ಅಮೆರಿಕದ ಹೆಂಗಸರು ಕೊಂಡುಟ್ಟರು.